ದತ್ತೂರಿ ಎಲೆಯ ಕಂಬಗಳು

ಗರ್ರ್... ಗರ್ರ್... ನಡುವೆ ಒಮ್ಮೆ ಎತ್ತು ಬುಸುಗುಟ್ಟಿದ ಸದ್ದು, ಮತ್ತೆ ಗರ್ರ್. ಸುಣ್ಣ ಅರೆಯುವ ಗಾಣದ ಸದ್ದು ಅದು. ವಾಡೆಯ, ಅಂದರೆ ದೊರೆಯ ಮನೆಯ, ಹಿಂದಿನ ಬಯಲಿನಲ್ಲಿ ನೆಲದೊಳಗೆ ದುಂಡಗೆ ಕಲ್ಲಿನ ಕಾಲುವೆ ಕೂರಿಸಿ, ಅದರಲ್ಲಿ ಸುಣ್ಣವನ್ನೂ ಮರಳನ್ನೂ ಸುರಿದು, ಒಂಟಿ ಎತ್ತು ಕಟ್ಟಿ, ಕಲ್ಲಿನ ಗಾಲಿ ಉರುಳಿಸುತ್ತಿದ್ದರು. ಬೆಳಕು ಹರಿದಾಗ ಶುರುವಾದರೆ ದನ ಮನೆಗೆ ಬರುವ ಹೊತ್ತಿನವರೆಗೂ ಅದೇ. ಈಗ ಬೈಲಹೊಂಗಲದ ನನ್ನ ಮನೆಯ ಮುಂದೆ ರಸ್ತೆ ಮಾಡುವ ರೋಲರ್ ಬಂದರೆ ಸಾಕು, ಕೈಯಲ್ಲಿದ್ದ ಚಹದ ಕಪ್ಪು ಕೆಳಗಿಟ್ಟು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ.

ಆ ವಾಡೆ ಇದ್ದ ಊರಿನ ಹೆಸರು ಹೇಳುವುದಿಲ್ಲ. ರಾಮದುರ್ಗದಿಂದ ಅರ್ಧ ದಿನದ ಗಾಡಿದಾರಿ ಎಂದರೆ ಸಾಕು. ಚಿಕ್ಕ ಸಂಸ್ಥಾನ. ಆನೆ ಇರಲಿಲ್ಲ, ತೋಪು ಒಂದೇ ಇತ್ತು, ಅದೂ ಹಾರುತ್ತಿರಲಿಲ್ಲ. ಆದರೆ ಅಲ್ಲಿನ ಸರಕಾರರು, ಅಂದರೆ ದೊರೆಗಳು, ಮುಂಬಯಿಗೆ ಹೋಗಿ ಅಲ್ಲಿನ ದೊಡ್ಡ ದೊಡ್ಡ ಕಟ್ಟಡಗಳ ಕಂಬಗಳನ್ನು ನೋಡಿ ಬಂದಿದ್ದರು. ಮಗಳ ಮದುವೆಗೆ ತಮ್ಮ ದರ್ಬಾರ್ ಹಾಲ್ ಕೂಡ ಹಾಗೇ ಆಗಬೇಕು, ಗ್ರೀಕರ, ರೋಮನ್ನರ ಅರಮನೆಗಳ ಸ್ಟೈಲಿನಲ್ಲಿ ಆಗಬೇಕು ಎಂದು ಹಟ ಹಿಡಿದರು. ಎಂಟು ಮರದ ಕಂಬಗಳಿಗೆ ಇಟ್ಟಿಗೆ ಸುತ್ತಿ, ಅರೆದ ಸುಣ್ಣದ ಗಚ್ಚು ಹಾಕಿ, ದುಂಡಗೆ ಗೀರು ಗೀರಾಗಿ ಮಾಡಿ, ನೆತ್ತಿಯ ಮೇಲೆ ಎಲೆಗಳ ಕಿರೀಟ ಇಡಬೇಕು. ಮುಂಬಯಿಯಿಂದ ಒಬ್ಬ ಓವರ್‌ಸಿಯರ್ ಬಂದ. ಜೊತೆಗೆ ಒಂದು ದಪ್ಪ ಇಂಗ್ಲಿಷ್ ಪ್ಯಾಟರ್ನ್ ಬುಕ್ ತಂದ. ಆ ವರ್ಷ ಮತ್ತೆ ಪ್ಲೇಗು ಬಂತು. ಓವರ್‌ಸಿಯರ್ ಓಡಿಹೋದ, ಪುಸ್ತಕ ಉಳಿಯಿತು.

ಅದೇ ಪ್ಲೇಗಿನ ದೆಸೆಯಿಂದ ಬೆಳಗಾವಿಯ ನಮ್ಮ ಕಾನ್ವೆಂಟೂ ಮುಚ್ಚಿತು, ನಾನು ಊರಿಗೆ ಬಂದೆ. ನನ್ನ ಅಪ್ಪ ಆ ವಾಡೆಯ ಕಾರಕೂನ. ತಾಯಿ ನಾನು ನಾಲ್ಕು ವರ್ಷದವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಹೆಣ್ಣು ದಿಕ್ಕಿಲ್ಲವೆಂದು ಅಪ್ಪ ನನ್ನನ್ನು ಬಿಳಿ ಉಡುಪಿನ ಮದರ್‌ಗಳ ಕೈಗೆ ಒಪ್ಪಿಸಿದ್ದ. ಸವದತ್ತಿಯ ನಮ್ಮ ಬಳಗದವರು ಅದಕ್ಕಾಗಿ ಎರಡು ವರ್ಷ ನಮ್ಮನ್ನು ಊಟಕ್ಕೆ ಕರೆಯಲಿಲ್ಲ. ಅಪ್ಪನಿಗೆ ಮರಾಠಿಯ ಮೋಡಿ ಬರವಣಿಗೆ ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಮಾತ್ರ ಸಹಿ ಮಾಡುವಷ್ಟೇ. ಹೀಗಾಗಿ ಒಂದು ಬೆಳಗ್ಗೆ ನನ್ನ ಕೈ ಹಿಡಿದು ದರ್ಬಾರ್ ಹಾಲಿಗೆ ಕರೆದುಕೊಂಡು ಹೋದ.

ಅಲ್ಲಿ ಒಬ್ಬ ಮುದುಕ ಕುಳಿತಿದ್ದ. ಮನೋಳಿಯವನು. ಎಲ್ಲರೂ ಅವನನ್ನು ಗಚ್ಚಿನಜ್ಜ ಎನ್ನುತ್ತಿದ್ದರು. ಸುಣ್ಣದಲ್ಲಿ ಬೆಂದು ಬೆಂದು ಅವನ ಬೆರಳುಗಳ ಚರ್ಮ ಹಳೆಯ ತೊಗಲಿನ ಚೀಲದಂತಾಗಿತ್ತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಇಕಿ ಏನ್ರಿ ನಿಮ್ಮ ಇಂಜನೇರ? ಗಾಣದ ಎತ್ತಿನ ಮೊಣಕಾಲಿಗೂ ಬರಂಗಿಲ್ಲಲ್ರಿ."

"ಎತ್ತಿಗೆ ಇಂಗ್ಲಿಷ್ ಬರ್ತದೇನಜ್ಜಾ?" ಎಂದ ಅಪ್ಪ.

"ಬಂದಿದ್ರ ಅದೂ ಓಡಿಹೋಕ್ಕಿತ್ತು ಬಿಡ್ರಿ, ಮುಂಬಯಿ ಸಾಹೇಬನ ಹಿಂದ."

ಅಂದಿನಿಂದ ನಾನು ಅವನ ಪಕ್ಕದಲ್ಲಿ ಮಣೆ ಹಾಕಿಕೊಂಡು ಪುಸ್ತಕ ಓದಿ ಹೇಳುವ ಕೆಲಸಕ್ಕೆ ನಿಂತೆ. ಅವನು ನನ್ನನ್ನು 'ಇಂಗ್ಲಿಷ್ ಬಾಯಾರ', ಅಂದರೆ ಇಂಗ್ಲಿಷ್ ಅಮ್ಮಾವರೇ, ಎಂದು ಕರೆಯತೊಡಗಿದ. ನಿಜ ಹೇಳುತ್ತೇನೆ, ನನ್ನ ಇಡೀ ಬಾಳಿನಲ್ಲಿ ಅಷ್ಟು ಇಂಪಾರ್ಟೆಂಟ್ ಆಗಿ ನಾನು ಮತ್ತೆಂದೂ ಇರಲಿಲ್ಲ.

ಪುಸ್ತಕದಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದಿತ್ತು. "ಆ ಪಾರೀಸ ಎಲ್ಲೈತಿ?" ಎಂದು ಕೇಳಿದ. ಸಮುದ್ರದ ಆಚೆ ಎಂದೆ. "ಅಲ್ಲಿಂದ ಬರೂದ್ರಾಗ ಮದಲಗಿತ್ತಿ ಮುದುಕಿ ಆಗತಾಳ. ನಮ್ಮ ಸುಣ್ಣ ಸಾಕು, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರದ್ರ ಕಲ್ಲಿನಪ್ಪ ಆಗತೈತಿ." ಒಂದು ಪುಟದಲ್ಲಿ ಗೋಡೆಯ ಪಟ್ಟಿಗೆಂದು ಹೂವಿನ ಹಾರದ ನಡುನಡುವೆ ಎತ್ತಿನ ತಲೆಬುರುಡೆಗಳು. ರೋಮಿನವರು ಬಲಿ ಕೊಟ್ಟ ಎತ್ತಿನ ಗುರುತು ಅದು ಎಂದು ಕೆಳಗೆ ಬರೆದಿತ್ತು. ಅಜ್ಜ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. "ಸತ್ತ ಮ್ಯಾಲೆ ಹಾರ ಹಾಕ್ಯಾರ ನೋಡು. ಜೀವಂತ ಇದ್ದಾಗ ಹಾಕಬೇಕಿತ್ತಲ್ಲ, ಹುಚ್ಚರು." ಬುರುಡೆಯ ಬದಲಿಗೆ ಕಾರಹುಣ್ಣಿಮೆಯ ದಿನ ಸಿಂಗರಿಸಿದ ಎತ್ತುಗಳ ಮೋರೆ ಮಾಡಿದ, ಕೋಡಿಗೆ ಗೊಂಡೆ, ಹಣೆಗೆ ಪಟ್ಟಿ. ಪುಸ್ತಕದಲ್ಲಿದ್ದ ರೆಕ್ಕೆಯ ಬೆತ್ತಲೆ ಹುಡುಗರಿಗೆ ಒಂದೊಂದು ಉಡದಾರ ಕಟ್ಟಿದ. ದೃಷ್ಟಿಯಾಗಬಾರದಲ್ಲ. ಸರಕಾರರು ಬಂದು ನೋಡಿ, "ಗ್ರೀಕರೂ ಉಡದಾರ ಕಟ್ತಿದ್ದರೇನು?" ಎಂದು ಕೇಳಿದಾಗ ಅಜ್ಜ ನನ್ನ ಕಡೆ ನೋಡಿದ. ನಾನು ಗಂಭೀರವಾಗಿ "ಯೆಸ್ ಸರ್" ಎಂದೆ. ಅವರು ತಲೆದೂಗಿ ಹೋದರು. ಅಜ್ಜ ಆ ದಿನವೆಲ್ಲ ಕೆಲಸ ಮಾಡುತ್ತ ಮಾಡುತ್ತ ನಗುತ್ತಿದ್ದ.

ತೊಡಕು ಬಂದದ್ದು ಕಂಬದ ನೆತ್ತಿಯ ಎಲೆಗೆ. ಅದರ ಹೆಸರು ಅಕ್ಯಾಂಥಸ್ ಎಂದು ಓದಿದೆ. ಅಂಥ ಎಲೆ ಅವನು ಕಂಡಿರಲಿಲ್ಲ. "ಚಿತ್ರ ನೋಡಿ ಮಾಡಿದ್ರ ಚಿತ್ರ ಆಗತೈತಿ, ಎಲಿ ಆಗಂಗಿಲ್ಲ" ಎನ್ನುತ್ತಿದ್ದ. ಮೂರು ದಿನ ಸುಮ್ಮನೆ ಕೂತ. ನಾಲ್ಕನೆಯ ದಿನ ಎರೆ ಹೊಲದ ಬದುವಿನಿಂದ ಒಂದು ಕಳೆ ಕಿತ್ತು ತಂದ. ಹಳದಿ ಹೂವಿನ ದತ್ತೂರಿ. ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು, ಬರಿಗಾಲಿಗೆ ಚುಚ್ಚುವ ಮುಳ್ಳಿನ ಗಿಡ. ಪುಸ್ತಕದ ಪಕ್ಕಕ್ಕೆ ಹಿಡಿದರೆ, ಏನು ಹೇಳಲಿ, ಅದೇ ಸೀಳು, ಅದೇ ಬಾಗು, ಅದೇ ಬಿಳಿಯ ನರ. ಯಾರೂ ಮೂಸದ ಕಳೆಯನ್ನು ನಾನು ಹಲಗೆಯ ಮೇಲೆ ಹಿಡಿದಿರುತ್ತಿದ್ದೆ, ಬೆರಳಿಗೆ ಚುಚ್ಚುತ್ತಿತ್ತು. ಅವನ ಕರಣಿಯ ತುದಿಯಲ್ಲಿ ಹಸಿ ಗಚ್ಚು ಎಲೆಯಾಗುತ್ತ ಬರುತ್ತಿತ್ತು.

ಮೊದಲ ಕಂಬ ಮುಗಿದ ದಿನವೇ ನನ್ನ ಕಣ್ಣಿಗೆ ಆ ಪುಟದ ಬುಡದ ಸಣ್ಣಕ್ಷರಗಳು ಬಿದ್ದವು. ಎಲ್ಲಿ ಇಂಗ್ಲಿಷ್ ಕಂಡರೂ ಓದಲೇಬೇಕು ನನಗೆ. ಕೋರಿಂಥ್ ಎಂಬ ಊರಿನಲ್ಲಿ ಮದುವೆಯ ವಯಸ್ಸಿಗೆ ಬಂದ ಒಬ್ಬ ಹುಡುಗಿ ಸತ್ತಳಂತೆ. ಅವಳನ್ನು ಸಾಕಿದ ದಾದಿ ಹುಡುಗಿಗೆ ಇಷ್ಟವಾದ ಪುಟ್ಟ ಸಾಮಾನುಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ತುಂಬಿ ಗೋರಿಯ ಮೇಲಿಟ್ಟು, ಮೇಲೊಂದು ಹಂಚು ಮುಚ್ಚಿ ಹೋದಳಂತೆ. ಬುಟ್ಟಿಯ ಅಡಿಯಲ್ಲಿದ್ದ ಬೇರು ಚಿಗುರಿ ಎಲೆಗಳು ಬುಟ್ಟಿಯ ಸುತ್ತ ಎದ್ದು, ಹಂಚು ತಾಕಿ ಹೊರಕ್ಕೆ ಬಾಗಿದವಂತೆ. ಆ ದಾರಿಯಲ್ಲಿ ಹೊರಟಿದ್ದ ಒಬ್ಬ ಶಿಲ್ಪಿ ಅದನ್ನು ನೋಡಿ ಕಂಬದ ನೆತ್ತಿಗೆ ಆ ರೂಪ ಕೊಟ್ಟನಂತೆ.

ಓದಿ ಹೇಳಿದೆ. ಅಜ್ಜನ ಕೈ ನಿಂತಿತು.

"ಹಂಚು ಯಾಕ ಮುಚ್ಚಿದಳು, ಬರದೈತೇನ?"

"ಇಲ್ಲಜ್ಜಾ."

"ಮಳಿಗೆ ಕೂಸಿನ ಸಾಮಾನ ನೆನೀಬಾರದಂತ" ಎಂದ. ಕರಣಿ ಒರೆಸಿ ಪಕ್ಕಕ್ಕಿಟ್ಟ. ಹಿಂದಿನ ಪ್ಲೇಗಿನಲ್ಲಿ ಮನೋಳಿಯವರೆಲ್ಲ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದಾಗ ಅವನ ಮೊಮ್ಮಗಳು ಅಲ್ಲೇ ತೀರಿಹೋಗಿದ್ದಳು. ಹನ್ನೆರಡು ವರ್ಷದವಳು. ಅವನು ಆಗ ಕಿತ್ತೂರಿನ ಕಡೆ ಒಂದು ಮಠದ ಕೆಲಸದಲ್ಲಿದ್ದ, ಮಣ್ಣಿಗೂ ಹೋಗಲಾಗಲಿಲ್ಲ. ಅದನ್ನು ನಾನು ಅಪ್ಪನ ಬಾಯಿಂದ ಕೇಳಿದ್ದೆ. ಆದರೆ ಕಥೆ ಓದುವಾಗ ಅದು ನೆನಪಿಗೆ ಬರಲಿಲ್ಲ. ನನಗೆ ನೆನಪಿದ್ದದ್ದು ನನ್ನ ಪ್ರೊನನ್ಸಿಯೇಶನ್ ಒಂದೇ.

ಕೊನೆಗೆ ಅಜ್ಜ ಹೇಳಿದ: "ಲಗ್ನದ ಮನಿ ತಂಗಿ ಇದು. ಗೋರಿ ಮ್ಯಾಲಿನ ಎಲಿ ಅಂತ ಗೊತ್ತಾದ್ರ ಒಳಗಿನವರು ಬಿಡಂಗಿಲ್ಲ. ಒಂದ ಕಂಬ ಆಗೇತಿ, ತಗದಬಿಡೂಣು. ಕಮಲ ಮಾಡತೇನಿ. ಕಮಲಕ್ಕ ಪುಸ್ತಕ ಬೇಕಾಗಿಲ್ಲ."

ಪುಸ್ತಕ ಬೇಕಾಗಿಲ್ಲ. ಆ ಮಾತೇ ನನ್ನನ್ನು ಚುಚ್ಚಿತು. ಪುಸ್ತಕ ಬೇಡವಾದರೆ ನಾನೂ ಬೇಡ. ಮತ್ತೆ ಮನೆಯಲ್ಲಿ ಒಬ್ಬಳೇ ಕೂತು ಕಾನ್ವೆಂಟ್ ತೆರೆಯುವ ದಾರಿ ಕಾಯಬೇಕು.

"ಬ್ಯಾಡಜ್ಜಾ, ಬ್ಯಾಡ" ಎಂದೆ. "ಈ ಎಲಿನಽ ಛಂದ ಐತಿ. ಈ ಊರಾಗ ಇಂಗ್ಲಿಷ್ ಓದಾಕಿ ನಾ ಒಬ್ಬಾಕಿನಽ. ನಾ ಯಾರಿಗೂ ಹೇಳಂಗಿಲ್ಲ. ಗಾಡ್ ಪ್ರಾಮಿಸ್."

"ಅದೇನದು ಗಾಡ?"

"ದೇವರ ಆಣಿ."

ಅವನು ಮೊದಲ ಕಂಬದ ಎಲೆಗಳನ್ನು ನೋಡಿದ, ನನ್ನನ್ನು ನೋಡಿದ. ಅವನಿಗೂ ಅವನ್ನು ಕೆಡವಲು ಮನಸ್ಸಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ಅದು ಈಗಿನ ನನ್ನ ಎಕ್ಸ್‌ಕ್ಯೂಸ್ ಇದ್ದರೂ ಇರಬಹುದು. "ಆತು, ಇಂಗ್ಲಿಷ್ ಬಾಯಾರ ಹುಕುಂ" ಎಂದು ಕರಣಿ ಎತ್ತಿಕೊಂಡ.

ಉಳಿದ ಏಳು ಕಂಬಗಳ ಎಲೆಗಳು ಮೊದಲನೆಯದರಂತೆ ಇರಲಿಲ್ಲ. ನಡುವೆ ಒಂದು ಬುಟ್ಟಿಯ ಹೆಣಿಕೆ ಕಾಣುವಂತೆ ಮಾಡಿದ, ಪುಸ್ತಕದಲ್ಲಿ ಅದು ಇರಲಿಲ್ಲ. ಎಲೆಗಳು ಅದನ್ನು ತಬ್ಬಿಕೊಂಡು, ಮೇಲಿನ ಹಲಗೆ ತಾಕುವಲ್ಲಿ ಮಾತ್ರ ಸ್ವಲ್ಪ ಬಾಗುತ್ತಿದ್ದವು, ಮಳೆಗೆ ತಲೆ ತಗ್ಗಿಸಿದ ಹಾಗೆ. ನಾನು ಆಮೇಲೆ ಪುಸ್ತಕಗಳಲ್ಲಿ ರೋಮಿನ, ಅಥೆನ್ಸಿನ ಕಂಬಗಳ ಫೋಟೋಗಳನ್ನು ಎಷ್ಟೋ ನೋಡಿದ್ದೇನೆ. ಅಂಥ ಎಲೆ ಕಂಡಿಲ್ಲ. "ನಮ್ಮ ಮುತ್ತಜ್ಜ ಕಿತ್ತೂರ ವಾಡೇಕ್ಕ ಗಚ್ಚ ಹಾಕಿದಾಂವ" ಎನ್ನುತ್ತಿದ್ದ ಅಜ್ಜ. "ವಾಡೆ ಬಿತ್ತು, ಗಚ್ಚ ಇನ್ನೂ ಹಿಡಕೊಂಡೈತಿ, ಹೋಗಿ ನೋಡು. ನಂದೂ ಹಂಗಽ ನಿಲ್ಲಬೇಕು. ಇಷ್ಟ ದೊಡ್ಡ ಕೆಲಸ ಇನ್ನ ನನ್ನ ಕೈಗೆ ಬರಂಗಿಲ್ಲ, ತಂಗಿ. ಇದಽ ಕಡೀದು."

ಎಂಟನೆಯ ಕಂಬ ಮುಗಿದಾಗ ನನ್ನನ್ನು ಅಟ್ಟಣಿಗೆಯ ಮೇಲೆ ಎತ್ತಿ ಕೂರಿಸಿದ. ಅವರ ಮನೆತನದಲ್ಲಿ ಒಂದು ಪದ್ಧತಿ. ಕೆಲಸದ ಕೊನೆಯ ಹಸಿ ಗಚ್ಚಿನ ಮೇಲೆ, ಯಾರ ಕಣ್ಣಿಗೂ ಬೀಳದ ಹಿಂಬದಿಯಲ್ಲಿ, ಮಾಡಿದವನು ಹೆಬ್ಬೆರಳು ಒತ್ತಬೇಕು. ಅದು ಒಣಗಿದ ಮೇಲೆಯೇ ಕೆಲಸ ಮುಗಿಯಿತೆಂದು ಲೆಕ್ಕ. ಅವನು ಒತ್ತಿದ. ಆಮೇಲೆ ನನ್ನ ಹೆಬ್ಬೆರಳು ಹಿಡಿದು ಪಕ್ಕದಲ್ಲಿ ಒತ್ತಿಸಿದ. "ಓದಿದಾಕಿನೂ ಮಾಡಿದಾಕಿನಽ" ಎಂದ. ತಣ್ಣಗಿತ್ತು. ಆಮೇಲೆ ಸುಟ್ಟಿತು.

ಮದುವೆಗೆ ಇನ್ನೂ ಹದಿನೈದು ದಿನವಿತ್ತು. ಒಳಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಹೆಂಗಸರು ಸೇರಿದ್ದರು. ಆಯಿಸಾಹೇಬರು, ಅಂದರೆ ಸರಕಾರರ ತಾಯಿ, ನನ್ನನ್ನೂ ಕರೆಸಿದ್ದರು. ಒಳ್ಳೆಯ ಹೆಂಗಸು. ತಾಯಿಯಿಲ್ಲದ ಮಗಳೆಂದು ನನ್ನ ತಲೆಗೆ ಎಣ್ಣೆ ಹಚ್ಚಿಸುತ್ತಿದ್ದರು. ಮಾತೆಲ್ಲ ಮರಾಠಿ, ನನ್ನ ಜೊತೆ ಮಾತ್ರ ಕನ್ನಡ. ಬಂದವರಲ್ಲಿ ದಪ್ಪ ನತ್ತಿನ ಒಬ್ಬ ಹೆಂಗಸು ನನ್ನನ್ನು ಹಿಡಿದುಕೊಂಡಳು.

"ಇಂಗ್ಲಿಷ್ ಸಾಲೀ ಹುಡುಗಿ ಏನು ಇದು? ಹೋಳಿಗಿ ಲಟ್ಟಸಲಿಕ್ಕೆ ಬರ್ತದೇನು?"

"ಇಲ್ಲರಿ."

"ರಂಗೋಲಿ?"

"ಇಲ್ಲರಿ."

"ಮತ್ತೇನು ಬರ್ತದ? ಟಸ್ ಪುಸ್ ಅನ್ನಲಿಕ್ಕೆ ಬರ್ತದ!" ಎಲ್ಲರೂ ನಕ್ಕರು. ಮದುಮಗಳೂ ನಕ್ಕಳು, ನನಗಿಂತ ಎರಡೇ ವರ್ಷ ದೊಡ್ಡವಳು.

ಆ ನಗು ತಡೆಯಲಾಗಲಿಲ್ಲ. "ನಿಮಗ್ಯಾರಿಗೂ ಗೊತ್ತಿಲ್ಲದ್ದು ನನಗ ಗೊತ್ತದ" ಎಂದೆ. "ದರ್ಬಾರ್ ಹಾಲಿನ ಕಂಬದ ಎಲಿ ಎಲ್ಲಿಂದ ಬಂತು, ಹೇಳ್ರಿ ನೋಡೂಣು?" ನಾನು ಕಾನ್ವೆಂಟಿನಲ್ಲಿ ರೆಸಿಟೇಶನ್ ಮಾಡುವ ಹಾಗೆ ಕೈ ಕಟ್ಟಿಕೊಂಡು ನಿಂತು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಕೋರಿಂಥಿನ ಹುಡುಗಿಯನ್ನೂ ಅವಳ ಗೋರಿಯನ್ನೂ ಬುಟ್ಟಿಯನ್ನೂ ಎಲೆಯನ್ನೂ ಹೇಳಿ ಮುಗಿಸಿದೆ. ಚಪ್ಪಾಳೆಗೆ ಕಾದೆ.

ಆಯಿಸಾಹೇಬರ ಕೈಯಲ್ಲಿದ್ದ ಕುಂಕುಮದ ಬಟ್ಟಲು ಕೆಳಗಿಳಿಯಿತು. ಹಿಂದಿನ ಪ್ಲೇಗು ಆ ಮನೆಯ ದೊಡ್ಡ ಮೊಮ್ಮಗಳನ್ನು ಒಯ್ದಿತ್ತು. ಉಳಿದವಳು ಇವಳೊಬ್ಬಳೇ. ಅವರು ಮದುಮಗಳನ್ನು ಎಳೆದು ತಮ್ಮ ಸೆರಗಿನೊಳಗೆ ಹಾಕಿಕೊಂಡರು.

"ಮಸಣದ ಗಿಡದ ಕೆಳಗ ನನ್ನ ಕೂಸಿನ ಲಗ್ನ?" ಎಂದರು, ಬಹಳ ಸಣ್ಣ ದನಿಯಲ್ಲಿ.

ಮರುದಿನ ಬೆಳಗ್ಗೆ ದರ್ಬಾರ್ ಹಾಲಿನಲ್ಲಿ ಸರಕಾರರು ನಿಂತಿದ್ದರು, ಆಯಿಸಾಹೇಬರು ಪರದೆಯ ಹಿಂದೆ. ಅಪ್ಪನನ್ನು ಕರೆಸಿದ್ದರು, ನಾನು ಅಪ್ಪನ ಹಿಂದೆ. ಅಜ್ಜ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದ.

"ಕಾರಕೂನರ, ನಿಮ್ಮ ಮಗಳಿಗೆ ಗೊತ್ತಿತ್ತು. ಅಂದಮ್ಯಾಲೆ ನಿಮಗೂ ಗೊತ್ತಿತ್ತು. ನಮಗ್ಯಾಕ ಹೇಳಲಿಲ್ಲ?" ಎಂದು ಪರದೆಯ ಹಿಂದಿನ ದನಿ ಕೇಳಿತು.

ಅಪ್ಪ ತಿರುಗಿ ನನ್ನ ಮುಖ ನೋಡಿದ. ಅವನಿಗೆ ಏನೂ ಗೊತ್ತಿರಲಿಲ್ಲ. ಆಗ ಅಜ್ಜ ಎರಡು ಹೆಜ್ಜೆ ಮುಂದೆ ಬಂದ.

"ರಾಯರಿಗೆ ಗೊತ್ತಿಲ್ರಿ, ಧಣ್ಯಾರ. ಕೂಸು ಓದಿ ನನಗ ಹೇಳಿತ್ತು. ಕೆಡವೂಣು ಅಜ್ಜಾ ಅಂತನೂ ಅಂತು. ಬಾಯಿ ಬಿಟ್ಟೀಯಂದ್ರ ಗಾಣಕ್ಕ ಹಾಕತೇನಿ ಅಂತ ಹೆದರಿಸಿದಾಂವ ನಾನಽ."

ನಾವಿಬ್ಬರೂ ಆಡಿದ ಮಾತುಗಳನ್ನೆಲ್ಲ ಅದಲುಬದಲು ಮಾಡಿಬಿಟ್ಟಿದ್ದ. ಸರಕಾರರು ನನ್ನ ಕಡೆ ಬಾಗಿ, "ಹೌದೇನು ಮಗು?" ಎಂದರು.

ಒಂದೇ ಮಾತು ಸಾಕಾಗಿತ್ತು. ಅಲ್ಲ, ಕೆಡವೋಣ ಎಂದವನು ಅಜ್ಜ, ಬೇಡವೆಂದವಳು ನಾನು. ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ. ನಾನು ಅಪ್ಪನ ಧೋತರದ ತುದಿ ಹಿಡಿದುಕೊಂಡು ತಲೆಯಾಡಿಸಿದೆ. ಹೌದು ಎಂದು.

ಸಂಜೆಯೊಳಗೆ ಊರು ಬಿಡಬೇಕೆಂದು ಅಜ್ಜನಿಗೆ ಹುಕುಂ ಆಯಿತು. ಎಲೆಗಳನ್ನು ಕೆಡವಲು ರಾಮದುರ್ಗದಿಂದ ಕಲ್ಲೊಡೆಯುವವರು ಬಂದರು. ಅಜ್ಜ ಹೇಳಿದ್ದು ನಿಜ, ಗಚ್ಚು ಬೀಳಲೊಲ್ಲದು. ಒಂದು ದಿನದ ಕೆಲಸವೆಂದು ಬಂದವರು ನಾಲ್ಕು ದಿನ ಬಡಿದರು. ಬಿದ್ದ ಚೂರುಗಳಲ್ಲಿ ನಮ್ಮ ಎರಡು ಹೆಬ್ಬೆರಳಿನ ಗುರುತು ಹುಡುಕಿದೆ, ಸಿಗಲಿಲ್ಲ. ಚೂರುಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಅದೇ ಗಾಣಕ್ಕೆ ಸುರಿದರು, ಅರೆದು ಹಿತ್ತಲ ಗೋಡೆಗೆ ಬಳಸಲಿಕ್ಕೆ. ಗರ್ರ್... ಗರ್ರ್... ರೋಲರ್ ಬಂದಾಗ ನಾನು ಬಾಗಿಲಿಗೆ ಹೋಗಿ ನಿಲ್ಲುವುದು ಆ ಸದ್ದಿಗೆ.

ಮದುವೆ ಆಯಿತು. ಬೋಳು ಕಂಬದ ನೆತ್ತಿಗಳಿಗೆ ಜರಿಯ ಬಟ್ಟೆ ಸುತ್ತಿದ್ದರು. ಕಾನ್ವೆಂಟ್ ಮತ್ತೆ ತೆರೆಯಿತು. ಅಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಕನ್ಫೆಶನ್‌ಗೆ ಹೋಗಿ ಹಗುರಾಗಿ ಬರುತ್ತಿದ್ದರು. ನಾನೂ ಹೋಗಲೇ ಎಂದು ಮದರ್ ಅವರನ್ನು ಕೇಳಿದೆ. ಅವರು ನನ್ನ ಕೆನ್ನೆ ತಟ್ಟಿ, ಅದು ನಿನಗಲ್ಲ ಚೈಲ್ಡ್, ನೀನು ಯಾರಿಗೆ ತಪ್ಪು ಮಾಡಿದ್ದೀಯೋ ಅವರಿಗೇ ಹೇಳು ಎಂದರು. ಯಾರಿಗೆ ಎಂದು ನನಗೆ ಗೊತ್ತಿತ್ತು. ಅವನು ಮನೋಳಿಯಲ್ಲಿದ್ದ.

ಆರು ವರ್ಷದ ಮೇಲೆ ನನ್ನ ಮದುವೆಯಾಯಿತು. ಮಳೆಗಾಲದ ಮುಂಚೆ ಸವದತ್ತಿಯಿಂದ ಬೈಲಹೊಂಗಲಕ್ಕೆ, ಗಂಡನ ಮನೆಗೆ, ಅತ್ತೆಯ ಜೊತೆ ಹೊರಟಿದ್ದೆ. ಎತ್ತಿಗೆ ನೀರು ಕುಡಿಸಲು ಗಾಡಿ ಮನೋಳಿಯಲ್ಲಿ ನಿಂತಿತು. ಎದುರಿನ ಮನೆಯ ಅಂಗಳದಲ್ಲಿ ಒಬ್ಬ ಮುದುಕ ಹೊಸ ತುಳಸಿಕಟ್ಟೆಗೆ ಗಚ್ಚು ಹಾಕುತ್ತಿದ್ದ. ನಾಲ್ಕೂ ಮಗ್ಗುಲಿಗೆ ಬುಟ್ಟಿಯ ಹೆಣಿಕೆ, ಸುತ್ತ ದತ್ತೂರಿಯ ಎಲೆ.

ನಾನು ಇಳಿದುಹೋದೆ. "ಅಜ್ಜಾ" ಎಂದೆ. ಅವನು ತಲೆಯೆತ್ತಿದ. ಕಣ್ಣಿಗೆ ಸುಣ್ಣ ಸಿಡಿದು ಒಂದು ಪೂರ್ತಿ ಬೆಳ್ಳಗಾಗಿತ್ತು, ಇನ್ನೊಂದು ಮಬ್ಬು. ಆದರೂ ದನಿ ಹಿಡಿದ.

"ಇಂಗ್ಲಿಷ್ ಬಾಯಾರು!" ಎಂದು ನಕ್ಕ. "ಮೆಲ್ಲಕ ಮಾತಾಡವ್ವಾ. ಈ ಮನಿ ಮುದುಕಿ ಬಾಳ ಜೋರದಾಳ. ಇದು ಯಾವ ಎಲಿ ಅಂತ ಅಕಿಗೆ ಓದಿ ಹೇಳಬ್ಯಾಡ ಮತ್ತ."

ಅವನು ತಮಾಷೆ ಮಾಡಿದ್ದು. ನನಗೆ ನಗಲು ಬರಲಿಲ್ಲ. ವಾಡೆಯ ಸುದ್ದಿ ಹಬ್ಬಿ, ಅವನ ಕೈ ಅಪಶಕುನದ ಕೈ ಎಂದಾಗಿ, ಆಮೇಲೆ ಯಾವ ದೊಡ್ಡ ಮನೆಯವರೂ ಅವನನ್ನು ಕರೆದಿರಲಿಲ್ಲ. ಆರು ವರ್ಷ ತುಳಸಿಕಟ್ಟೆಗಳನ್ನೇ ಮಾಡಿದ್ದ. ನಾನು ಇನ್ನೊಂದು ಹೆಜ್ಜೆ ಹತ್ತಿರ ಹೋದೆ. "ಅಜ್ಜಾ, ಆ ದಿನ ನಾ ತಲಿ ಆಡಿಸಿದ್ದು..."

"ಏ, ಸೊಸಿ! ಎಲ್ಲಿ ಹೋಗಿ ನಿಂತಿ? ಯರಗಟ್ಟಿ ಮುಟ್ಟೂದ್ರಾಗ ಮಳಿ ಹಿಡೀತದ!" ಗಾಡಿಯಿಂದ ಅತ್ತೆ ಕೂಗಿದರು.

ಅಜ್ಜ ಕಟ್ಟೆಯ ಹಿಂಬದಿಗೆ ಕೈ ಆಡಿಸಿ, ಅಂಗೈಯಗಲ ಜಾಗ ಒರೆಸಿ ನಯ ಮಾಡಿದ. "ಬಾ, ಹೆಬ್ಬಟ್ಟ ಒತ್ತಿ ಹೋಗು. ನಂದು ಒತ್ತೇನಿ. ನಿಂದೊಂದು ಬಾಕಿ ಐತಿ."

ಅತ್ತೆ ಮತ್ತೆ ಕೂಗಿದರು. ಹೊಸ ಸೊಸೆ, ರೇಷ್ಮೆ ಸೀರೆ, ಕೈತುಂಬ ಹಸಿರು ಬಳೆ. ಸುಣ್ಣದ ಕೈಯಲ್ಲಿ ಗಾಡಿ ಹತ್ತಿದರೆ ಏನೆಂದಾರು ಎಂದುಕೊಂಡೆ. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

"ತಿರಿಗಿ ಬರೂ ಮುಂದ ಒತ್ತತೇನಿ, ಅಜ್ಜಾ."

"ಆತವ್ವಾ. ಹಸೀನಽ ಇಟ್ಟಿರತೇನಿ" ಎಂದ.

ಗಾಡಿ ಹೊರಟಿತು. ಹಿಂದಿನ ತಡಿಕೆ ಸರಿಸಿ ನೋಡಿದೆ. ಅವನು ಪಕ್ಕದ ಗಡಿಗೆಯಲ್ಲಿ ಕೈ ಅದ್ದಿ, ಆ ಅಂಗೈಯಗಲ ಜಾಗಕ್ಕೆ ನೀರು ಚಿಮುಕಿಸುತ್ತಿದ್ದ. ಮತ್ತೆ ಅದ್ದಿ, ಮತ್ತೆ ಚಿಮುಕಿಸಿದ. ದಾರಿ ಹೊಳೆಯ ಕಡೆ ತಿರುಗುವವರೆಗೂ ಚಿಮುಕಿಸುತ್ತಲೇ ಇದ್ದ.